ನೀರಿನ ಲೆಕ್ಕ: ಭೇದಿ, ಮನೆಯ ಆರೈಕೆ ಮತ್ತು ಆಸ್ಪತ್ರೆಯ ಹೊಸಿಲು



1986ರ ಮಳೆಗಾಲ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ ನಾನು ಹೊಸದಾಗಿ ಹೋಗಿದ್ದೆ. ಒಂದು ಮುಂಜಾನೆ ಅಜ್ಜಿಯೊಬ್ಬಳು ಹದಿನಾಲ್ಕು ತಿಂಗಳ ಮೊಮ್ಮಗನನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಎರಡು ದಿನದಿಂದ ಜುಲಾಬು. ಮಗುವಿನ ಕಣ್ಣು ಒಳಸೇರಿದ್ದವು. ನೆತ್ತಿಯ ಮೆತ್ತನೆಯ ಜಾಗ ಬಟ್ಟಲಿನಂತೆ ಕುಳಿ ಬಿದ್ದಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಆಮೇಲೆ ಅಳುವುದನ್ನೂ ನಿಲ್ಲಿಸಿತು.

ಏನು ಕುಡಿಸಿದ್ದೀರಿ ಎಂದು ಕೇಳಿದೆ. “ಹೊಟ್ಟಿಗಿ ಏನೂ ಹಾಕಿಲ್ರಿ ಸಾಹೇಬ್ರ. ನೀರು ಕುಡಿಸಿದಷ್ಟೂ ಹೆಚ್ಚಾಗತೈತಿ ಅಂತ ಒಂದು ಹನಿ ನೀರೂ ಕೊಟ್ಟಿಲ್ರಿ” ಎಂದಳು. ಆ ಮಾತಿನಲ್ಲಿ ಅಪರಾಧದ ಭಾವ ಇರಲಿಲ್ಲ. ಮಗು ಬಾಯಾರಿ ಅತ್ತಾಗ ಮನಸ್ಸು ಗಟ್ಟಿ ಮಾಡಿಕೊಂಡು ಪಥ್ಯ ಪಾಲಿಸಿದ್ದೇನೆ ಎಂಬ ನಂಬಿಕೆ ಇತ್ತು. ನಾನು ಆ ಪುಟ್ಟ ಕೈಗಳಲ್ಲಿ, ಕಾಲುಗಳಲ್ಲಿ, ತಲೆಯಲ್ಲಿ ರಕ್ತನಾಳ ಹುಡುಕಿದೆ. ನೀರಿಲ್ಲದೆ ನಾಳಗಳೆಲ್ಲ ಅಂಟಿಕೊಂಡಿದ್ದವು. ಮುಕ್ಕಾಲು ಗಂಟೆಯೊಳಗೆ ಮಗು ಹೋಯಿತು.

ಆ ಅಜ್ಜಿಯನ್ನು ನಾನು ಆಗ ಬೈದೆ. ಅದನ್ನು ಇವತ್ತಿಗೂ ಮರೆಯಲಾಗಿಲ್ಲ. ಏಕೆಂದರೆ ಅದೇ ಆಸ್ಪತ್ರೆಯ ಉಗ್ರಾಣದಲ್ಲಿ, ಗಾಜಿನ ಸಲೈನ್ ಬಾಟಲಿಗಳ ಹಿಂದೆ, ಓಆರ್‌ಎಸ್ ಎಂಬ, ನೀರಿಗೆ ಕಲಸಿ ಕುಡಿಸುವ ಉಪ್ಪು–ಗ್ಲೂಕೋಸ್ ಪುಡಿಯ ಪೊಟ್ಟಣಗಳ ಒಂದು ಪೆಟ್ಟಿಗೆ ಬಿಚ್ಚದೆ ಬಿದ್ದಿತ್ತು. ಭೇದಿಗೆ ‘ಬಾಟಲಿ ಏರಿಸುವುದು’ ಮಾತ್ರ ನಿಜವಾದ ಚಿಕಿತ್ಸೆ, ಬಾಯಿಂದ ಕುಡಿಸುವುದು ಬಡವರ ಸಮಾಧಾನಕ್ಕೆ ಎಂದು ನಾನೂ ಒಳಗೊಳಗೇ ತಿಳಿದಿದ್ದೆ. ಅಜ್ಜಿ ನೀರು ತಡೆದು ತಪ್ಪು ಮಾಡಿದಳು. ಆ ಪೆಟ್ಟಿಗೆಯನ್ನು ಬಿಚ್ಚಿ, ಊರೂರಿಗೆ ಕಳಿಸಿ, ಅಂಥ ಅಜ್ಜಿಯರಿಗೆ ಹೇಳಿಕೊಡದೆ ನಾನು ತಪ್ಪು ಮಾಡಿದೆ. ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಾಗ, ಹೇಳಬೇಕಾದ ಮೊದಲ ವಿಷಯ ಇದೇ ಅನ್ನಿಸಿತು. ಭೇದಿ ಶುರುವಾದ ಮೊದಲ ಗಂಟೆಗಳಲ್ಲಿ ಮಗುವಿನ ಪಕ್ಕದಲ್ಲಿ ಇರುವವರು ಮನೆಯವರೇ. ಅವರಿಗೆ ಏನು ಗೊತ್ತಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಹೊಟ್ಟೆ ಕೆಟ್ಟಿದೆ, ಜುಲಾಬು, ವಾಂತಿಭೇದಿ, ಆಮಶಂಕೆ, ರಕ್ತಭೇದಿ, ಅತಿಸಾರ: ನಮ್ಮ ಜನ ಇವನ್ನು ಸುಮ್ಮನೆ ಬೇರೆಬೇರೆ ಮಾಡಿ ಇಟ್ಟಿಲ್ಲ. ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಮಲ ನೀರಾಗಿ ಹೋದರೆ ವೈದ್ಯರು ಭೇದಿ ಎನ್ನುತ್ತಾರೆ. ಎದೆಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಹಲವು ಸಲ ಹಳದಿಯಾಗಿ ತೆಳ್ಳಗೆ ಹೋಗುತ್ತದೆ. ಅದು ಭೇದಿಯಲ್ಲ, ಅದಕ್ಕೆ ಔಷಧ ಬೇಡ. ನೀರಿನಂತೆ ಹೋಗುವುದು ಒಂದು ಬಗೆ. ರಕ್ತ, ಲೋಳೆ, ನುಲಿತದೊಂದಿಗೆ ಸ್ವಲ್ಪಸ್ವಲ್ಪವೇ ಹೋಗುವ ಆಮಶಂಕೆ ಅಥವಾ ರಕ್ತಭೇದಿ ಇನ್ನೊಂದು ಬಗೆ. ಹದಿನಾಲ್ಕು ದಿನ ದಾಟಿಯೂ ನಿಲ್ಲದೆ ಎಳೆಯುವುದು ಮೂರನೆಯದು. ಮನೆಯ ಆರೈಕೆಯನ್ನು ನೆಚ್ಚಬಹುದಾದದ್ದು ಮುಖ್ಯವಾಗಿ ಮೊದಲನೆಯದರಲ್ಲಿ. ಉಳಿದೆರಡಕ್ಕೆ ವೈದ್ಯರು ಬೇಕೇ ಬೇಕು.

ನೀರುಭೇದಿಯಲ್ಲಿ ಒಳಗೆ ನಡೆಯುವುದೇನು? ನಮ್ಮ ಹೊಟ್ಟೆಯ ನೀರಿನ ಲೆಕ್ಕ ಬೆರಗು ಹುಟ್ಟಿಸುವಂಥದು. ಆರೋಗ್ಯವಂತ ದೊಡ್ಡವರು ದಿನಕ್ಕೆ ಕುಡಿಯುವ ನೀರು, ಉಣ್ಣುವ ಸಾರು, ಮಜ್ಜಿಗೆ ಎಲ್ಲ ಸೇರಿ ಸುಮಾರು 2 ಲೀಟರ್. ಅದಕ್ಕೆ ದೇಹವೇ ತನ್ನ ಒಳಗಿಂದ ಸುಮಾರು 7 ಲೀಟರ್ ಸುರಿಯುತ್ತದೆ: ಜೊಲ್ಲು, ಜಠರದ ರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ಒಸರು. ಹೀಗೆ ದಿನಕ್ಕೆ ಸುಮಾರು 9 ಲೀಟರ್ ನೀರು ಕರುಳಿಗೆ ಇಳಿಯುತ್ತದೆ. ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲ ಕರುಳಿನ ಗೋಡೆಯ ಮೂಲಕ ಮತ್ತೆ ರಕ್ತಕ್ಕೆ ಸೇರುತ್ತದೆ. ತುಂಬಿದ ಕೆರೆಯ ತೂಬು ಕೆಟ್ಟರೆ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಿಲ್ಲ. ಭೇದಿಯಲ್ಲಿ ಆಗುವುದು ಅದೇ. ಕ್ರಿಮಿಯೋ ಅದರ ವಿಷವೋ ಕರುಳಿನ ಗೋಡೆಯನ್ನು ಕೆಣಕುತ್ತದೆ. ಒಳಗೆ ಎಳೆದುಕೊಳ್ಳುವ ಕೆಲಸ ಕುಂಟುತ್ತದೆ, ಹೊರಗೆ ಸುರಿಯುವ ಕೆಲಸ ಹೆಚ್ಚುತ್ತದೆ. ಕಾಲರಾ ಜೋರಾದಾಗ ದೊಡ್ಡವರ ಮೈಯಿಂದ ಒಂದು ಗಂಟೆಯಲ್ಲಿ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಬರೀ ನೀರಲ್ಲ, ಜೊತೆಗೆ ಉಪ್ಪಿನ ಅಂಶಗಳಾದ ಸೋಡಿಯಂ, ಪೊಟ್ಯಾಸಿಯಂ ಕೂಡ.

ಆ ಅಜ್ಜಿಯ ತಪ್ಪು ತಿಳಿವಳಿಕೆ ಹುಟ್ಟುವುದೂ ಇಲ್ಲಿಯೇ. ಕುಡಿಸಿದ ನೀರೇ ಕೆಳಗೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ಕೆಳಗೆ ಹೋಗುತ್ತಿರುವುದು ಮಗುವಿನ ರಕ್ತದಿಂದ ಇಳಿದ ನೀರು. ಕುಡಿಸಲಿ, ಬಿಡಲಿ, ಅದು ಹೋಗುತ್ತಲೇ ಇರುತ್ತದೆ. ಕುಡಿಸದಿದ್ದರೆ ಹೋದದ್ದನ್ನು ತುಂಬುವವರು ಯಾರೂ ಇರುವುದಿಲ್ಲ, ಅಷ್ಟೇ. ಹಸುಗೂಸಿನ ತೂಕದಲ್ಲಿ ಮುಕ್ಕಾಲು ಭಾಗದಷ್ಟು ನೀರೇ ಇರುತ್ತದೆ. ಅದರ ತೂಕದ ನೂರಕ್ಕೆ ಹತ್ತರಷ್ಟು ನೀರು ಹೋದರೆ ಪ್ರಾಣಕ್ಕೆ ಕುತ್ತು. ಹತ್ತು ಕಿಲೋ ತೂಗುವ ಮಗುವಿಗೆ ಅದು ಒಂದೇ ಒಂದು ಲೀಟರ್.

ನೀರುಭೇದಿಯಲ್ಲಿ ಬಹಳ ಸಲ ಕೊಲ್ಲುವುದು ಈ ನೀರಿನ ಕೊರತೆ. ಕರುಳಿನ ಕ್ರಿಮಿಯನ್ನು ದೇಹ ಕೆಲವು ದಿನಗಳಲ್ಲಿ ತಾನೇ ತೊಳೆದು ಹಾಕುತ್ತದೆ. ಅಲ್ಲಿಯವರೆಗೆ ನೀರಿನ ಲೆಕ್ಕ ಸರಿಯಾಗಿದ್ದರೆ ಸಾಕು.

ಈ ಸರಳ ಸಂಗತಿಯನ್ನು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು. ಅದರಲ್ಲಿ ನಮ್ಮ ದೇಶದ ಪಾಲು ದೊಡ್ಡದು, ಆದರೆ ನಮ್ಮ ಶಾಲೆಯ ಪಠ್ಯಗಳಲ್ಲಿ ಆ ಹೆಸರುಗಳು ಕಾಣುವುದೇ ಅಪರೂಪ. 1953ರಲ್ಲಿ ಕೋಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಉಪ್ಪು–ಗ್ಲೂಕೋಸ್ ನೀರು ಕುಡಿಸಿ ಉಳಿಸಿದ್ದನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1959ರಲ್ಲಿ ಅದೇ ಊರಿನ ಶಂಭುನಾಥ ಡೇ ಅವರು ಮೊಲದ ಕರುಳಿನಲ್ಲಿ ಪ್ರಯೋಗ ಮಾಡಿ, ಕಾಲರಾದಲ್ಲಿ ನೀರು ಸುರಿಯುವಂತೆ ಮಾಡುವುದು ಕ್ರಿಮಿ ಬಿಡುವ ವಿಷ ಎಂದು ತೋರಿಸಿದರು. 1960ರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಇನ್ನೊಂದು ತುದಿಯಿಂದ ಬಂದರು. ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ, ಸಕ್ಕರೆ ಮತ್ತು ಉಪ್ಪು ಜೋಡಿಯಾಗಿ ಬಂದರೆ ಅದು ಎರಡನ್ನೂ ಒಳಗೆ ಬಿಡುತ್ತದೆ ಎಂದು ವಿವರಿಸಿದರು. ಅವೆರಡು ಒಳಗೆ ಹೋದರೆ ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಭೇದಿಯಲ್ಲಿ ಬೇರೆ ದಾರಿಗಳು ಕೆಟ್ಟರೂ ಈ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಲೇ ಇರುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳ ಮೇಲೆ ಅಳೆದು ತೂಗಿ ಸಾಬೀತು ಮಾಡಿದರು.

ಆದರೂ ವೈದ್ಯಲೋಕಕ್ಕೆ ಅನುಮಾನ. ಆಸ್ಪತ್ರೆಯಲ್ಲಿ ನುರಿತ ವೈದ್ಯರ ಕಣ್ಣೆದುರು ನಡೆಯುವುದು ಸರಿ, ಓದುಬರಹ ಬಾರದ ತಾಯಿ ತಾನೇ ಕುಡಿಸಿದರೆ? ಉತ್ತರ ಬಂದದ್ದು 1971ರಲ್ಲಿ, ಬಂಗಾಳದ ಗಡಿಯ ಬನಗಾಂವ್ ಎಂಬ ಊರಿನಿಂದ.

ಬಾಂಗ್ಲಾ ವಿಮೋಚನೆಯ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷಾಂತರ ಜನ ಗಡಿ ದಾಟಿ ಬರುತ್ತಿದ್ದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಕೋಲ್ಕತ್ತದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ದಿಲೀಪ್ ಮಹಾಲನಬಿಸ್ ಎಂಬ ಮಕ್ಕಳ ವೈದ್ಯರು ಅಲ್ಲಿಗೆ ಹೋದರು. ಆಸ್ಪತ್ರೆಯ ಎರಡು ಕೋಣೆಗಳ ನೆಲ ತುಂಬ ರೋಗಿಗಳು. ಸಲೈನ್ ಕೊಡಲು ಅವರ ನಡುವೆ ಮಲ, ವಾಂತಿಯ ಮೇಲೆಯೇ ಮಂಡಿಯೂರಬೇಕಾಗಿತ್ತು. ಬಾಟಲಿಗಳು ಮುಗಿಯುತ್ತ ಬಂದವು. ಆಗ ಅವರು ಒಂದು ನಿರ್ಧಾರಕ್ಕೆ ಬಂದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕೋಲ್ಕತ್ತದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿ ಕಳಿಸಿದರು. ಶಿಬಿರದಲ್ಲಿ ಡ್ರಮ್ಮುಗಳಲ್ಲಿ ಕಲಸಿ ಇಟ್ಟರು. ರೋಗಿಯ ತಾಯಿ, ಅಣ್ಣ, ಗಂಡ, ಯಾರು ಪಕ್ಕದಲ್ಲಿದ್ದರೋ ಅವರು ಲೋಟದಲ್ಲಿ ಹಿಡಿದು ತಂದು ಕುಡಿಸಿದರು. ತೀರಾ ಸೊರಗಿದವರಿಗೆ ಮಾತ್ರ ನಾಳದ ಮೂಲಕ ನೀರು ಕೊಟ್ಟು, ಕುಡಿಯುವಷ್ಟು ಚೇತರಿಸಿಕೊಂಡ ಕೂಡಲೇ ಲೋಟಕ್ಕೆ ಬದಲಾಯಿಸಿದರು. ಮೂರು ಸಾವಿರಕ್ಕೂ ಹೆಚ್ಚು ಜನ ಹೀಗೆ ಚಿಕಿತ್ಸೆ ಪಡೆದರು. ಮೊದಲು ನೂರಕ್ಕೆ ಸುಮಾರು ಮೂವತ್ತು ಜನ ಸಾಯುತ್ತಿದ್ದಲ್ಲಿ, ಅವರ ಆರೈಕೆಯಲ್ಲಿ ಆ ಪ್ರಮಾಣ 3.6ಕ್ಕೆ ಇಳಿಯಿತು.

ನನಗೆ ಈ ಕಥೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ಗ್ಲೂಕೋಸಿಗಿಂತ ಆ ಲೋಟ ಹಿಡಿದ ಕೈಗಳು. ಮನೆ, ಮಠ, ಊರು ಕಳೆದುಕೊಂಡು ಬಂದವರು, ಕಾಲರಾದ ಹೆಸರು ಕೇಳಿದರೆ ನಡುಗುವವರು, ಒಂದೆರಡು ಮಾತು ಹೇಳಿಸಿಕೊಂಡು ತಮ್ಮವರನ್ನು ತಾವೇ ಉಳಿಸಿಕೊಂಡರು. ಮಹಾಲನಬಿಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರಣಾನಂತರ, 2023ರಲ್ಲಿ.

ಬಾಂಗ್ಲಾದೇಶ ಆ ಪಾಠವನ್ನು ಇನ್ನೂ ಮುಂದಕ್ಕೆ ಒಯ್ದಿತು. 1980ರಿಂದ ಹತ್ತು ವರ್ಷ ಅಲ್ಲಿನ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಹಳ್ಳಿಹಳ್ಳಿ ತಿರುಗಿ, ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ತಾಯಂದಿರ ಎದುರು ಕೂತು ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದವರಿಗೆ ಸಂಬಳ ಕೊಟ್ಟ ರೀತಿ ನೋಡಿ. ಆಮೇಲೆ ಬೇರೆಯವರು ಹೋಗಿ, ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ ನೀರಿನಲ್ಲಿ ಉಪ್ಪು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಯಿ ಕಲಿತಷ್ಟು ಕಲಿಸಿದವಳಿಗೆ ಕೂಲಿ. ಭಾಷಣ ಮಾಡಿ, ಭಿತ್ತಿಪತ್ರ ಅಂಟಿಸಿ ‘ಅರಿವು ಮೂಡಿಸಿದೆವು’ ಎಂದು ವರದಿ ಬರೆಯುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ಎಷ್ಟು ಅಂತರ! ನಾನು ಈಗ ಮಾಡುತ್ತಿರುವುದೂ ಭಾಷಣವೇ. ಆದ್ದರಿಂದ ಇನ್ನು ಮುಂದಿನದನ್ನು ಅಡುಗೆಮನೆಯ ಅಳತೆಯಲ್ಲಿಯೇ ಹೇಳುತ್ತೇನೆ.

ಇವತ್ತಿನ ಓಆರ್‌ಎಸ್ ಪೊಟ್ಟಣದ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ತಿದ್ದಿತು. ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಬನಗಾಂವಿನ ಮಿಶ್ರಣಕ್ಕಿಂತ ಇದರಲ್ಲಿ ಸಕ್ಕರೆಯೂ ಕಡಿಮೆ, ಉಪ್ಪೂ ಕಡಿಮೆ. ಹಾಗಿದ್ದರೆ ವಾಂತಿಯೂ ಭೇದಿಯ ಪ್ರಮಾಣವೂ ತಗ್ಗುತ್ತವೆ ಎಂದು ಅನುಭವ ತೋರಿಸಿತು. ಇಡೀ ಪೊಟ್ಟಣವನ್ನು, ಅದರ ಮೇಲೆ ಬರೆದಷ್ಟೇ ನೀರಿಗೆ, ಒಂದೇ ಸಲ ಹಾಕಬೇಕು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. 200 ಮಿಲಿಲೀಟರಿನ ಸಣ್ಣ ಪೊಟ್ಟಣಗಳೂ ಬರುತ್ತವೆ, ಅದಕ್ಕೇ ಓದಿ ನೋಡಿ. ‘ಮಗು ಸಣ್ಣದು’ ಎಂದು ಅರ್ಧ ಪುಡಿಯನ್ನು ಒಂದು ಲೋಟಕ್ಕೆ ಹಾಕುವವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಗಟ್ಟಿಯಾದ ಆ ನೀರಿನಿಂದ ರಕ್ತದಲ್ಲಿ ಉಪ್ಪು ಏರಿ, ಮಗುವಿಗೆ ಸೆಳವು ಬಂದು ಕೆಡುಕಾದದ್ದುಂಟು. ಕುದಿಸಿ ಆರಿಸಿದ ನೀರು ಒಳ್ಳೆಯದು. ಆದರೆ ಕಲಸಿದ ಮೇಲೆ ಮತ್ತೆ ಕುದಿಸಬಾರದು. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದು ಕಲಸಿ.

ಪೊಟ್ಟಣ ಸಿಗದ ರಾತ್ರಿ? ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ, ಮಟ್ಟವಾಗಿ ಗೀರಿ, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗೋಪುರದಂತೆ ತುಂಬಿದ ಚಮಚವಲ್ಲ. ರುಚಿ ನೋಡಿದರೆ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಆದ್ದರಿಂದ ಪೊಟ್ಟಣಕ್ಕೆ ಇದು ಸಮನಲ್ಲ, ಪೊಟ್ಟಣ ಬರುವವರೆಗಿನ ಆಸರೆ. ಆಶಾ ಕಾರ್ಯಕರ್ತೆಯರ ಬಳಿ, ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೊಟ್ಟಣ ಉಚಿತವಾಗಿ ಸಿಗುತ್ತದೆ.

ಎಷ್ಟು ಕುಡಿಸಬೇಕು? ಪ್ರತಿ ಸಲ ನೀರಾಗಿ ಹೋದ ಮೇಲೆ, ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200, ದೊಡ್ಡವರು ಬೇಕೆನಿಸಿದಷ್ಟು. ಬಾಟಲಿಯಲ್ಲಿ ಸುರಿಯಬೇಡಿ. ಚಮಚದಲ್ಲಿ, ನಿಮಿಷಕ್ಕೊಂದು ಚಮಚ. ವಾಂತಿಯಾಯಿತೆಂದು ಬಿಟ್ಟು ಕೂರಬೇಡಿ. ಹತ್ತು ನಿಮಿಷ ತಾಳಿ, ಮತ್ತೆ ಇನ್ನೂ ನಿಧಾನವಾಗಿ ಶುರು ಮಾಡಿ. ಹತ್ತು ಚಮಚದಲ್ಲಿ ಮೂರು ಹೊರಗೆ ಬಂದರೂ ಏಳು ಒಳಗೆ ಉಳಿದವು. ಇದು ತಾಳ್ಮೆಯ ಕೆಲಸ. ಇರುಳೆಲ್ಲ ಕೂರಬೇಕಾಗುತ್ತದೆ, ತಾಯಿಯೊಬ್ಬಳ ಮೇಲೆ ಬಿಡದೆ ಅಪ್ಪ, ಅತ್ತೆ, ಅಣ್ಣ ಸರದಿಯ ಮೇಲೆ ಕೂರಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓಆರ್‌ಎಸ್ ಕುಡಿಸಿದ ಕೂಡಲೇ ಭೇದಿ ನಿಲ್ಲುವುದಿಲ್ಲ. ‘ಕೊಟ್ಟರೂ ನಿಲ್ಲಲಿಲ್ಲ’ ಎಂದು ಜನ ಬೇಸತ್ತು ಅದನ್ನು ಕೈಬಿಡುವುದು ಇದನ್ನು ಯಾರೂ ಹೇಳದೇ ಇರುವುದರಿಂದ. ಅದು ಭೇದಿ ನಿಲ್ಲಿಸುವ ಮದ್ದಲ್ಲ, ಭೇದಿ ತಾನಾಗಿ ನಿಲ್ಲುವವರೆಗೆ ಜೀವ ಹಿಡಿದಿಡುವ ನೀರು.

ಊಟದ ವಿಷಯ. ಲಂಘನವೇ ಮದ್ದು ಎಂಬ ಮಾತು ನಮ್ಮಲ್ಲಿ ಆಳವಾಗಿ ಬೇರೂರಿದೆ. ಗಟ್ಟಿಮುಟ್ಟಾದ ದೊಡ್ಡವರು ಒಂದು ಹೊತ್ತು ಉಪವಾಸ ಇದ್ದರೆ ಏನೂ ಆಗದು. ಮಗುವಿಗೆ ಅದು ಸಲ್ಲದು. ಭೇದಿಯಾದಾಗ ಉಪವಾಸ ಕೆಡವಿದ ಮಗು ಸೊರಗುತ್ತದೆ, ಸೊರಗಿದ ಮಗುವಿಗೆ ಮತ್ತೆ ಭೇದಿ ಬೇಗ ಬರುತ್ತದೆ, ಪ್ರತಿ ಸಲವೂ ಮಗು ಹಿಂದಿಗಿಂತ ಬಡವಾಗುತ್ತದೆ. ಎದೆಹಾಲು ಒಂದು ಗಳಿಗೆಯೂ ನಿಲ್ಲಿಸಬಾರದು. ಉಳಿದ ಮಕ್ಕಳಿಗೆ ನಮ್ಮ ಅಡುಗೆಮನೆಯಲ್ಲಿ ಇರುವುದೆಲ್ಲ ಒಳ್ಳೆಯದೇ: ಉಪ್ಪು ಹಾಕಿದ ಅಕ್ಕಿಗಂಜಿ, ತೆಳ್ಳನೆಯ ರಾಗಿ ಅಂಬಲಿ, ಬೇಳೆಯ ಕಟ್ಟು, ಮೆತ್ತಗೆ ಕಲಸಿದ ಮೊಸರನ್ನ, ಇಡ್ಲಿ, ಬಾಳೆಹಣ್ಣು, ಎಳನೀರು. ಮಲೆನಾಡಿನಲ್ಲಿ ದಾಳಿಂಬೆ ಸಿಪ್ಪೆಯ ತಂಬುಳಿ, ಕೊಡಸಿಗೆ ಹೂವಿನ ತಂಬುಳಿ ಮಾಡುತ್ತಾರೆ. ದೊಡ್ಡವರು ಅನ್ನಕ್ಕೆ ಕಲಸಿ ಉಣ್ಣಲಿ, ಅದರೊಳಗಿನ ಮಜ್ಜಿಗೆ, ಉಪ್ಪು, ಅನ್ನ ಮೂರೂ ಬೇಕಾದವೇ. ಆದರೆ ತಂಬುಳಿ ಇದೆಯೆಂದು ಓಆರ್‌ಎಸ್ ಬಿಡುವಂತಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಅದೊಂದನ್ನೇ ನಂಬಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ.

ತಂಪುಪಾನೀಯ, ಡಬ್ಬಿಯ ಹಣ್ಣಿನ ರಸ, ಗಟ್ಟಿ ಗ್ಲೂಕೋಸ್ ನೀರು ಬೇಡ. ಸಕ್ಕರೆ ಮಿತಿ ಮೀರಿದರೆ ಅದೇ ಕರುಳಿನೊಳಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಬಹಳ ವರ್ಷ ನಮ್ಮ ಔಷಧದ ಅಂಗಡಿಗಳಲ್ಲಿ, ಸೂತ್ರಕ್ಕೆ ಸಂಬಂಧವೇ ಇಲ್ಲದ ಸಿಹಿ ಪಾನೀಯಗಳು ಹೆಸರಿನೊಳಗೆ ‘ಓಆರ್‌ಎಸ್’ ಅಕ್ಷರಗಳನ್ನು ಸೇರಿಸಿಕೊಂಡು ಮಾರಾಟವಾದವು. ಹೈದರಾಬಾದಿನ ಮಕ್ಕಳ ತಜ್ಞೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಅಕ್ಷರಗಳು ಇರಕೂಡದು ಎಂದು ಆದೇಶಿಸಿತು. ಒಬ್ಬ ವೈದ್ಯೆ ಹಟ ಹಿಡಿದರೆ ಎಷ್ಟು ಮಕ್ಕಳಿಗೆ ಒಳಿತಾಗುತ್ತದೆ ಎಂಬುದಕ್ಕೆ ಇದು ನಮ್ಮ ಕಣ್ಣೆದುರಿನ ಸಾಕ್ಷಿ. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿಕೊಳ್ಳಿ.

ಮಕ್ಕಳಿಗೆ ಓಆರ್‌ಎಸ್ ಜೊತೆ ಸತುವಿನ ಮಾತ್ರೆ, ಅಂದರೆ ಜಿಂಕ್, ಕೊಡಬೇಕು. ಎರಡು ತಿಂಗಳಿಂದ ಆರು ತಿಂಗಳವರೆಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದವರಿಗೆ ಐದು ವರ್ಷದವರೆಗೆ 20 ಮಿಲಿಗ್ರಾಂ, ಹದಿನಾಲ್ಕು ದಿನ. ಭೇದಿ ನಾಲ್ಕನೇ ದಿನ ನಿಂತರೂ ಹದಿನಾಲ್ಕು ದಿನ ಪೂರೈಸಬೇಕು. ಕರುಳಿನ ಒಳಪದರ ಮತ್ತೆ ಕೂಡಿಕೊಳ್ಳಲು ಅದು ನೆರವಾಗುತ್ತದೆ, ಮುಂದಿನ ಕೆಲವು ತಿಂಗಳು ಭೇದಿ ಬರುವ ಸಾಧ್ಯತೆಯನ್ನೂ ತಗ್ಗಿಸುತ್ತದೆ. ಒಂದು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ ಕೊಟ್ಟರಾಯಿತು.

ಇನ್ನು ಮದ್ದಿನ ಅಂಗಡಿ. ‘ಲೂಸ್ ಮೋಷನ್ನಿಗೆ ಒಂದು ಮಾತ್ರೆ ಕೊಡಿ’ ಎಂದರೆ ಸಾಕು, ಒಂದು ಪ್ರತಿಜೀವಕ, ಒಂದು ಭೇದಿ ಕಟ್ಟುವ ಮಾತ್ರೆ ಕೈಗೆ ಬರುತ್ತವೆ. ಮಕ್ಕಳ ನೀರುಭೇದಿಗೆ ಬಹಳ ಸಲ ಕಾರಣ ವೈರಸ್ಸು. ಪ್ರತಿಜೀವಕ ಅದನ್ನು ಮುಟ್ಟುವುದಿಲ್ಲ. ಕರುಳಿನ ಒಳ್ಳೆಯ ಕ್ರಿಮಿಗಳನ್ನು ಕೊಂದು ಹೊಸ ಭೇದಿಯನ್ನೇ ತರಬಹುದು. ರಕ್ತಭೇದಿಗೆ, ಕಾಲರಾಕ್ಕೆ ಅದು ಬೇಕು. ಆ ತೀರ್ಮಾನ ವೈದ್ಯರದು. ಲೋಪೆರಮೈಡ್‌ನಂಥ ಕರುಳು ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬಾರದು. ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬಿದ ಮಕ್ಕಳನ್ನು ನಾನು ನೋಡಿದ್ದೇನೆ. ಆರೋಗ್ಯವಂತ ದೊಡ್ಡವರು, ಜ್ವರವಾಗಲಿ ರಕ್ತವಾಗಲಿ ಇಲ್ಲದಿದ್ದರೆ, ಬಸ್ಸಿನ ಪ್ರಯಾಣದಂಥ ಅನಿವಾರ್ಯಕ್ಕೆ ಒಂದೆರಡು ನುಂಗಿದರೆ ತಪ್ಪಿಲ್ಲ. ಆಗಲೂ ನೀರಿನ ಲೆಕ್ಕ ಮರೆಯುವಂತಿಲ್ಲ.

ಹಲ್ಲು ಬರುವಾಗ ಭೇದಿಯಾಗುವುದು ಸಹಜ, ಬಿಡಿ ಎನ್ನುತ್ತಾರೆ. ಹಲ್ಲಿಗೂ ಭೇದಿಗೂ ನಂಟಿಲ್ಲ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ‘ಸಹಜ’ ಎಂದು ಸುಮ್ಮನಿದ್ದು ತಡಮಾಡಿದ ಮಕ್ಕಳು ನಮ್ಮ ಬಳಿಗೆ ಬರುವಾಗ ಕಣ್ಣು ಒಳಸೇರಿರುತ್ತವೆ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಒಂದು ಕೈ ದೃಷ್ಟಿ ತೆಗೆಯಲಿ, ಇನ್ನೊಂದು ಕೈ ಚಮಚ ಹಿಡಿದಿರಲಿ.

ಈಗ ಆಸ್ಪತ್ರೆಯ ಹೊಸಿಲಿಗೆ ಬರೋಣ. ಎಷ್ಟು ಸಲ ಹೋಯಿತು ಎಂದು ಎಣಿಸುವುದಕ್ಕಿಂತ ಮಗುವಿನ ಮುಖ ನೋಡಿ, ಮೂತ್ರ ನೋಡಿ. ಆಡುತ್ತಿದೆ, ಕುಡಿಯುತ್ತಿದೆ, ಮೂತ್ರ ಬರುತ್ತಿದೆ ಎಂದರೆ ಹತ್ತು ಸಲ ಹೋದರೂ ಮನೆಯಲ್ಲಿ ನೋಡಿಕೊಳ್ಳಬಹುದು. ಮಗು ಕಿರಿಕಿರಿ ಮಾಡುತ್ತ, ನೀರು ಕಂಡರೆ ಲೋಟಕ್ಕೆ ಹಾತೊರೆಯುತ್ತಿದ್ದರೆ, ಕಣ್ಣು ಒಳಹೋದಂತೆ ಕಂಡರೆ, ಚಿವುಟಿದ ಚರ್ಮ ನಿಧಾನವಾಗಿ ಹಿಂದಕ್ಕೆ ಹೋದರೆ ನೀರಿನ ಕೊರತೆ ಶುರುವಾಗಿದೆ. ಆಗ ಆರೋಗ್ಯ ಕೇಂದ್ರಕ್ಕೆ ಹೊರಡಿ. ಅಲ್ಲಿ ಕೂರಿಸಿ, ನಾಲ್ಕು ಗಂಟೆಯಲ್ಲಿ ಕಿಲೋಗೆ 75 ಮಿಲಿಲೀಟರಿನಂತೆ ಓಆರ್‌ಎಸ್ ಕುಡಿಸಿ ನೋಡುತ್ತಾರೆ. ಹತ್ತು ಕಿಲೋ ಮಗುವಿಗೆ ಅದು ಮುಕ್ಕಾಲು ಲೀಟರ್. ಬಹಳಷ್ಟು ಮಕ್ಕಳು ಸೂಜಿಯೇ ಇಲ್ಲದೆ ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ. ‘ಬಾಟಲಿ ಏರಿಸಲಿಲ್ಲ’ ಎಂದು ವೈದ್ಯರ ಮೇಲೆ ಸಿಟ್ಟಾಗಬೇಡಿ.

ಆದರೆ ಮಗು ಮಂಕಾಗಿ ತೂಕಡಿಸುತ್ತಿದ್ದರೆ, ಕುಡಿಯಲು ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಚಿವುಟಿದ ಚರ್ಮದ ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ, ಆರು ಗಂಟೆಯಿಂದ ಮೂತ್ರವೇ ಬಾರದಿದ್ದರೆ, ಸೆಳವು ಬಂದರೆ, ಮಲದಲ್ಲಿ ರಕ್ತ ಕಂಡರೆ ಆ ಕ್ಷಣವೇ ಹೊರಡಿ, 108ಕ್ಕೆ ಕರೆ ಮಾಡಿ. ವಾಂತಿ ಹಸಿರಾಗಿದ್ದು ಹೊಟ್ಟೆ ಉಬ್ಬಿದ್ದರೂ ಹಾಗೆಯೇ. ಕುಡಿಯುವ ಎಚ್ಚರ ಇರುವ ಮಗುವಿಗೆ ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಿರಿ. ಎರಡು ತಿಂಗಳೊಳಗಿನ ಕೂಸು ಮತ್ತು ಮೊದಲೇ ಸೊರಗಿದ ಮಗುವಿನ ವಿಷಯದಲ್ಲಿ ಕಾದು ನೋಡುವ ಮಾತೇ ಇಲ್ಲ, ಮೊದಲ ದಿನವೇ ತೋರಿಸಬೇಕು.

ದೊಡ್ಡವರ ಭೇದಿ, ಮದುವೆ ಊಟದ ಮರುದಿನದ ಭೇದಿ, ಬಹಳ ಸಲ ಎರಡು ಮೂರು ದಿನಗಳಲ್ಲಿ ತಾನೇ ಅಡಗುತ್ತದೆ. ಜೋರು ಜ್ವರ, ರಕ್ತ, ಕಪ್ಪು ಮಲ, ತಡೆಯಲಾರದ ಹೊಟ್ಟೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಮೂರು ದಿನವಾದರೂ ಇಳಿಯದ ಭೇದಿ ಇವಕ್ಕೆ ವೈದ್ಯರು ಬೇಕು. ಬಸುರಿಯರು, ಅರವತ್ತೈದು ದಾಟಿದವರು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ಅಷ್ಟು ದಿನ ಕಾಯಬಾರದು. ಮನೆಯ ಹಿರಿಯರ ಬಗ್ಗೆ ನಮಗೆ ಎಚ್ಚರ ಸಾಲದು. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ, ಕಕ್ಕಸಿಗೆ ಓಡಾಡುವ ಕಷ್ಟಕ್ಕೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಪಿಯ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಂಥವು ಮೈಯಲ್ಲಿ ನೀರು ಕಡಿಮೆಯಾದಾಗ ತೊಂದರೆ ಕೊಡಬಹುದು. ಇವನ್ನು ನುಂಗುವವರು ಭೇದಿಯ ಮೊದಲ ದಿನವೇ ತಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಲಿ. ತಾವಾಗಿ ಇನ್ಸುಲಿನ್ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಇದ್ದವರು ಓಆರ್‌ಎಸ್ ಕುಡಿಯಬಹುದು, ರಕ್ತದ ಸಕ್ಕರೆಯನ್ನು ನೋಡಿಕೊಳ್ಳುತ್ತಿರಬೇಕು.

ಮನೆಯ ಆರೈಕೆಗೆ ಇನ್ನೊಂದು ಮಿತಿಯಿದೆ. ಒಂದೇ ಓಣಿಯಲ್ಲಿ ನಾಲ್ಕಾರು ಮನೆಗಳಲ್ಲಿ ಒಟ್ಟಿಗೆ ವಾಂತಿಭೇದಿ ಕಂಡರೆ, ಅದು ಇನ್ನು ಯಾರ ಮನೆಯ ಸಂಗತಿಯೂ ಅಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಸತ್ತವರು ಕೈ ತೊಳೆಯಲಿಲ್ಲ ಎಂದು ಸತ್ತದ್ದಲ್ಲ. ಅವರ ನಲ್ಲಿಗೆ ಬಂದ ನೀರೇ ಕೆಟ್ಟಿತ್ತು. ಶುಚಿತ್ವದ ಪಾಠವನ್ನೆಲ್ಲ ತಾಯಂದಿರ ತಲೆಗೆ ಕಟ್ಟಿ, ಒಡೆದ ಪೈಪು, ಅದರ ಪಕ್ಕದ ಚರಂಡಿ, ತೊಳೆಯದ ಟ್ಯಾಂಕು ಇವನ್ನು ಮರೆಯುವುದು ಅನ್ಯಾಯ. ಅಂಥ ಹೊತ್ತಿನಲ್ಲಿ ಆಶಾ ಕಾರ್ಯಕರ್ತೆಗೆ, ಪಂಚಾಯಿತಿಗೆ, ಆರೋಗ್ಯ ಕೇಂದ್ರಕ್ಕೆ ಅಂದೇ ಸುದ್ದಿ ಮುಟ್ಟಿಸಿ, ನೀರು ಕುದಿಸದೆ ಕುಡಿಯಬೇಡಿ.

ಲಸಿಕೆಯ ಮಾತು ಬಿಟ್ಟರೆ ತಪ್ಪಾದೀತು. ಪುಟ್ಟ ಮಕ್ಕಳ ಜೋರು ಭೇದಿಗೆ ದೊಡ್ಡ ಕಾರಣ ರೋಟಾ ವೈರಸ್. ನವಜಾತ ಶಿಶುಗಳಿಗೆ ಕಾಯಿಲೆ ತಾರದೆ ಸುಮ್ಮನೆ ನೆಲೆಸಿದ್ದ ಅದರ ಎರಡು ತಳಿಗಳು ನಮ್ಮ ದೇಶದಲ್ಲಿ ಸಿಕ್ಕವು. ಒಂದು ದೆಹಲಿಯಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ತಂಡಕ್ಕೆ. ಮುಂದೆ ಲಸಿಕೆಯಾಗಿ ಬೆಳೆದದ್ದು ದೆಹಲಿಯ ತಳಿ. 2016ರಲ್ಲಿ ಅದು ದೇಶದ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಬಾಯಿಗೆ ಕೊಡುತ್ತಾರೆ, ಉಚಿತವಾಗಿ.

1980ರ ದಶಕದ ಶುರುವಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು ಎಂಬ ಅಂದಾಜಿತ್ತು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು 4 ಲಕ್ಷ 44 ಸಾವಿರ. ಇಳಿದದ್ದು ನಿಜ. ಉಳಿದ ಆ ನಾಲ್ಕೂವರೆ ಲಕ್ಷದ ಹತ್ತಿರದ ಸಂಖ್ಯೆಯನ್ನು ಓದುವಾಗ ನನಗೆ ಕಾಣುವುದು ಆ ಸೀರೆಯ ಸೆರಗು.

ಬಾಗಿಲ ಬಳಿಯ ಮೇಜಿನ ಮೇಲೆ ಓಆರ್‌ಎಸ್ ಪೊಟ್ಟಣಗಳನ್ನು ಇಟ್ಟಿದ್ದೇವೆ. ಮನೆಗೆ ಎರಡರಂತೆ ತೆಗೆದುಕೊಂಡು ಹೋಗಿ. ಇವತ್ತು ರಾತ್ರಿ ಮಲಗುವ ಮೊದಲು ನಿಮ್ಮ ಅಡುಗೆಮನೆಯಲ್ಲಿ ಸರಿಯಾಗಿ ಒಂದು ಲೀಟರ್ ಹಿಡಿಯುವ ಪಾತ್ರೆ ಯಾವುದು ಎಂದು ಅಳೆದು ನೋಡಿ. ತಂಬಿಗೆಯೋ ಚೊಂಬೋ ಸ್ಟೀಲ್ ಜಗ್ಗೋ, ಯಾವುದಾದರೂ ಸರಿ. ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ಮೊಳೆಯಿಂದ ಒಂದು ಗೀರು ಎಳೆದು, ಆ ಪಾತ್ರೆ ಎಲ್ಲಿರುತ್ತದೆ ಎಂದು ಮನೆಯ ಎಲ್ಲರಿಗೂ ತೋರಿಸಿ.